ಎಡಗಾಲ ಕೆಳಗಿನ ಒಂದಂಗುಲ

ಮೋಟಾರು ನಡೆಸಲು ಕಲಿಯುವವನಿಗೆ ಮೊದಲು ಎದುರಾಗುವ ತೊಡಕು ಎಡಗಾಲಿನದು. ಕೈಗಳಿಗೆ ಸ್ಟಿಯರಿಂಗು ಬೇಗ ಒಲಿಯುತ್ತದೆ. ಬಲಗಾಲಿಗೆ ಬ್ರೇಕೂ ಆಕ್ಸಿಲರೇಟರೂ ನಾಲ್ಕು ದಿನದಲ್ಲಿ ಒಗ್ಗುತ್ತವೆ. ಎಡಗಾಲು ಮಾತ್ರ ವಾರಗಟ್ಟಲೆ ಹಟ ಹಿಡಿಯುತ್ತದೆ. ಕ್ಲಚ್ಚನ್ನು ಬೇಗ ಬಿಟ್ಟರೆ ಕಾರು ಕುಪ್ಪಳಿಸಿ ನಿಲ್ಲುತ್ತದೆ. ಬಿಡದೆ ಕುಳಿತರೆ ಸುಟ್ಟ ವಾಸನೆ ಬರುತ್ತದೆ. ಹದ ಸಿಕ್ಕಿದ ಮೇಲೆ ನಾವು ಆ ಪೆಡಲನ್ನು ಮರೆತೇಬಿಡುತ್ತೇವೆ. ಆದರೆ ಹಳೆಯ ಕಾರುಗಳಲ್ಲಿ ಆ ಪೆಡಲು ಕೆಳಗಿಳಿಯುವ ದಾರಿಯ ಮೊದಲ ಒಂದಂಗುಲ, ಕಾರನ್ನು ನೋಡಿಕೊಂಡು ಸ್ವಲ್ಪ ಹೆಚ್ಚು ಅಥವಾ ಸ್ವಲ್ಪ ಕಡಿಮೆ, ಯಾವ ಕೆಲಸವನ್ನೂ ಮಾಡುವುದಿಲ್ಲವೆಂಬುದು ಎಷ್ಟು ಜನರ ಗಮನಕ್ಕೆ ಬಂದಿದೆಯೊ ಕಾಣೆ. ಗ್ಯಾರೇಜಿನಲ್ಲಿ ಅದನ್ನು ‘ಪ್ಲೇ’ ಎನ್ನುತ್ತಾರೆ. ಬೇಕೆಂದೇ ಬಿಟ್ಟ ಸಡಿಲು ಅದು. ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಾರುಗಳನ್ನು ಮತ್ತೆ ರಸ್ತೆಗೆ ತರುವ ಹವ್ಯಾಸಿಗಳು ಎಂಜಿನನ್ನು ಬಿಚ್ಚಿ ಕಟ್ಟುವುದರಲ್ಲಿ ಗೆದ್ದು, ಈ ಒಂದಂಗುಲದಲ್ಲಿ ಸೋಲುವುದುಂಟು. ಅದು ಎಲ್ಲಿಂದ ಬಂತು, ಏಕೆ ಬೇಕಾಯಿತು ಎಂಬುದು ತಿಳಿದರೆ ಅದನ್ನು ಸರಿಪಡಿಸುವ ದಾರಿಯೂ ತಿಳಿಯುತ್ತದೆ.

ಉಗಿಯಂತ್ರಕ್ಕೆ ಕ್ಲಚ್ಚು ಬೇಡ. ಬಾಯ್ಲರಿನಲ್ಲಿ ಒತ್ತಡ ಕಾದಿರುತ್ತದೆ. ರೈಲು ನಿಂತಿದ್ದಾಗಲೇ ಕೀಲು ತೆರೆದರೆ ಚಕ್ರ ತಿರುಗಲು ತೊಡಗುತ್ತದೆ. ಪೆಟ್ರೋಲು ಎಂಜಿನಿನ ಜಾತಕವೇ ಬೇರೆ. ಅದು ತಾನು ತಿರುಗುತ್ತಿದ್ದರೆ ಮಾತ್ರ ಶಕ್ತಿ ಕೊಡಬಲ್ಲದು. ತಿರುಗುವ ಎಂಜಿನನ್ನು ನಿಂತ ಚಕ್ರಕ್ಕೆ ಹೊಂದಿಸಲು ಇಬ್ಬರ ನಡುವೆ ಒಬ್ಬ ಮಧ್ಯಸ್ಥ ಬೇಕು; ಮೊದಲು ಜಾರುತ್ತ, ಆಮೇಲೆ ಬಿಗಿಯಾಗಿ ಹಿಡಿಯುವ ಮಧ್ಯಸ್ಥ.

1886ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಬಂಡಿಗೆ ಪೇಟೆಂಟು ಪಡೆದಾಗ ಈ ಮಧ್ಯಸ್ಥಿಕೆಯನ್ನು ಒಂದು ಚರ್ಮದ ಬೆಲ್ಟಿಗೆ ವಹಿಸಿದ್ದ. ನಮ್ಮ ಊರುಗಳ ಹಳೆಯ ಹಿಟ್ಟಿನ ಗಿರಣಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದೇ ದಂಡದ ಮೇಲೆ ಎರಡು ಗಾಲಿ. ಒಂದು ದಂಡಕ್ಕೆ ಬಿಗಿದದ್ದು, ಪಕ್ಕದ್ದು ಸುಮ್ಮನೆ ತಿರುಗುವಂಥದು. ಬೆಲ್ಟನ್ನು ಕೋಲಿನಿಂದ ಬಿಡಿಗಾಲಿಯಿಂದ ಬಿಗಿಗಾಲಿಗೆ ತಳ್ಳಿದರೆ ಗಿರಣಿ ನಡೆಯುತ್ತದೆ, ಹಿಂದಕ್ಕೆ ತಂದರೆ ನಿಲ್ಲುತ್ತದೆ. ಬೆಂಜನ ಬಂಡಿಯಲ್ಲಿ ನಡೆದದ್ದೂ ಇಷ್ಟೇ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ತಾ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ ಈ ಬಂಡಿಯಲ್ಲಿ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿಯ ಇಳಿಜಾರುಗಳಲ್ಲಿ ಬ್ರೇಕಿನ ಮರದ ದಿಮ್ಮಿ ಸವೆದಾಗ ಹಳ್ಳಿಯ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳು. ಮೋಟಾರಿನ ಚರಿತ್ರೆಯಲ್ಲಿ ಚಮ್ಮಾರನಿಗೆ ಇಷ್ಟು ಮುಂಚೆಯೇ ಸ್ಥಾನ ಸಿಕ್ಕಿದ್ದನ್ನು ಬರೆಯುವವರು ಮರೆಯಬಾರದು. ಮುಂದೆ ಕಾಲು ಶತಮಾನ ಕಾಲ ಕ್ಲಚ್ಚೂ ಚರ್ಮದ್ದೇ ಆಗಿತ್ತು.

ಬೆಲ್ಟು ಮಳೆಯಲ್ಲಿ ನೆನೆದು ಜಾರುತ್ತಿತ್ತು. ಅದರ ಜಾಗಕ್ಕೆ ಬಂದದ್ದು ಶಂಕುವಿನ ಆಕಾರದ ಕ್ಲಚ್ಚು. ಎಂಜಿನಿನ ಭಾರವಾದ ಫ್ಲೈವೀಲಿನ ಒಳಗೆ ಒರಳಿನಂಥ ಗುಳಿ. ಅದರೊಳಕ್ಕೆ ಸ್ಪ್ರಿಂಗಿನ ಒತ್ತಡದಿಂದ ಹೋಗಿ ಕೂರುವ, ಚರ್ಮ ಹೊದಿಸಿದ ಶಂಕು. ಪೆಡಲು ಒತ್ತಿದರೆ ಶಂಕು ಹಿಂದೆ ಸರಿಯುತ್ತದೆ, ಬಿಟ್ಟರೆ ಒಳಹೋಗಿ ಕಚ್ಚುತ್ತದೆ. ಶ್ರೀಮಂತಿಕೆಯ ಪರಮಾವಧಿಯೆನಿಸಿದ್ದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟಿನಲ್ಲೂ ಇದ್ದದ್ದು ಇದೇ ಬಗೆ. ಆದರೆ ಚರ್ಮ ಜೀವವಿದ್ದಂಥ ವಸ್ತು. ಒಣಗಿದರೆ ಥಟ್ಟನೆ ಕಚ್ಚಿ, ಗಾಡಿಯಲ್ಲಿದ್ದವರ ಟೋಪಿ ಹಾರುವಂತೆ ಎಳೆಯುತ್ತದೆ; ಜಿಡ್ಡು ಹೆಚ್ಚಾದರೆ ಹಿಡಿಯುವುದೇ ಇಲ್ಲ. ಒಣಗಿದಾಗ ಹರಳೆಣ್ಣೆ ತಿನ್ನಿಸಿ ಮೆದು ಮಾಡುವುದು, ಜಾರಿದಾಗ ಮುಲ್ತಾನಿ ಮಣ್ಣಿನಂಥ ಪುಡಿ ಉದುರಿಸಿ ಜಿಡ್ಡು ಹೀರಿಸುವುದು ಅಂದಿನ ಡ್ರೈವರನ ನಿತ್ಯದ ಆರೈಕೆಯಾಗಿತ್ತು. ಕುದುರೆಯ ಮಾಲೀಸಿಗೂ ಇದಕ್ಕೂ ಹೆಚ್ಚು ದೂರವಿರಲಿಲ್ಲ.

ಚರ್ಮವನ್ನು ಓಡಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್. ಡರ್ಬಿಷೈರಿನ ಗುಡ್ಡಗಾಡಿನಲ್ಲಿ ರೈತರು ಇಳಿಜಾರಿನಲ್ಲಿ ಗಾಡಿ ತಡೆಯಲು ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟು ಕಟ್ಟುವುದನ್ನು ಕಂಡು ಆತನಿಗೆ ಇದರಲ್ಲಿ ಆಸಕ್ತಿ ಹುಟ್ಟಿತಂತೆ. 1897ರಲ್ಲಿ ತೊಡಗಿದ ಆತನ ಪ್ರಯೋಗಗಳು ಮೊದಲು ಹತ್ತಿ, ಕೂದಲುಗಳ ನೇಯ್ಗೆಯಲ್ಲಿ ನಡೆದವು. 1908ರ ಸುಮಾರಿಗೆ ಅವು ಬೆಂಕಿಗೆ ಹೆದರದ ಆಸ್ಬೆಸ್ಟಾಸ್ ನಾರಿಗೆ ತಿರುಗಿದವು. ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಒಂದಕ್ಷರ ಸೇರಿಸಿ ಆತ ಕಟ್ಟಿದ ಹೆಸರೇ ‘ಫೆರೋಡೊ’. ಇಪ್ಪತ್ತನೆಯ ಶತಮಾನದ ಬಹುಭಾಗ ಲೋಕದ ಕಾರುಗಳು ಹಿಡಿದದ್ದೂ ನಿಂತದ್ದೂ ಆಸ್ಬೆಸ್ಟಾಸಿನ ಬಲದಿಂದ.

ಈ ಬಲಕ್ಕೆ ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲಿನ ಆಸ್ಬೆಸ್ಟಾಸ್ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು 1924ರಲ್ಲಿ, 33ನೆಯ ವಯಸ್ಸಿನಲ್ಲಿ ಸತ್ತಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ವಿಲಿಯಂ ಕುಕ್ ಅದೇ ವರ್ಷ ಅದನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ. 1931ರಲ್ಲಿ ಬ್ರಿಟನ್ನಿನಲ್ಲಿ ಗಿರಣಿಗಳ ಧೂಳನ್ನು ಹತೋಟಿಗೆ ತರುವ ನಿಯಮಗಳಾದವು; ಪೂರ್ತಿ ನಿಷೇಧ ಬರಲು 1999ರವರೆಗೆ ಕಾಯಬೇಕಾಯಿತು. ಹಳೆಯ ಕಾರಿನ ಕ್ಲಚ್ಚು ಬಿಚ್ಚುವವರಿಗೆ ಇದು ಬರಿಯ ಚರಿತ್ರೆಯಲ್ಲ. ಹೌಸಿಂಗಿನೊಳಗೆ ಕೂತಿರುವ ಬೂದುಬಣ್ಣದ ಧೂಳು ಅದೇ ನಾರಿನದಾಗಿರಬಹುದು. ಅದನ್ನು ಗಾಳಿ ಪಂಪಿನಿಂದ ಊದುವ ರೂಢಿ ನಮ್ಮಲ್ಲಿದೆ. ಊದಬಾರದು. ತಕ್ಕ ಮುಸುಕು ಹಾಕಿಕೊಂಡು, ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿ ಮುಚ್ಚಬೇಕು.

ಈ ನಡುವೆ ಹೆನ್ರಿ ಫೋರ್ಡ್ ಬೇರೆಯೇ ದಾರಿ ಹಿಡಿದಿದ್ದ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕು ತಯಾರಾದ ಆತನ ಮಾಡೆಲ್ ಟಿ ಕಾರಿನ ಎಡಪೆಡಲನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಪೂರ್ತಿ ಬಿಟ್ಟರೆ ವೇಗದ ಗೇರು, ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ಎಣ್ಣೆಯಲ್ಲಿ ಮುಳುಗಿದ ಬಟ್ಟೆಯ ಪಟ್ಟಿ ಉರುಳೆಯನ್ನು ಬಿಗಿಯುವುದರಿಂದ ನಿಧಾನದ ಗೇರಿನ ಕೆಲಸ ನಡೆಯುತ್ತಿತ್ತು. ಜಾಣತನದ ಏರ್ಪಾಟೇನೊ ಹೌದು, ಆದರೆ ಅದಕ್ಕೆ ವಂಶ ಬೆಳೆಯಲಿಲ್ಲ. ಕನಿಷ್ಠ ಪೆಡಲಿರುವ ಕಾರುಗಳಲ್ಲಿ ಬೆಳೆಯಲಿಲ್ಲ.

ವಂಶ ಬೆಳೆದದ್ದು ಒಂಟಿ ಪ್ಲೇಟಿನ ಒಣ ಕ್ಲಚ್ಚಿನದು. 1920ರ ದಶಕದಲ್ಲಿ ಅಮೆರಿಕದ ಬೋರ್ಗ್ ಅಂಡ್ ಬೆಕ್ ಮೊದಲಾದ ತಯಾರಕರು ಇದನ್ನು ಎಲ್ಲೆಡೆ ಹಬ್ಬಿಸಿದರು. ಎರಡು ಅಂಗೈಗಳ ನಡುವೆ ಅದುಮಿ ಹಿಡಿದ ಪುಸ್ತಕದಂತೆ, ಫ್ಲೈವೀಲಿನ ಮುಖಕ್ಕೂ ಸ್ಪ್ರಿಂಗುಗಳು ತಳ್ಳುವ ಒತ್ತುತಟ್ಟೆಗೂ ನಡುವೆ ಎರಡೂ ಮೈಗೆ ಲೈನಿಂಗು ಹೊಡೆದ ತೆಳುವಾದ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಪೆಡಲು ಒತ್ತಿದಾಗ ಒಂದು ಫೋರ್ಕು ರಿಲೀಸ್ ಬೇರಿಂಗನ್ನು ಮುಂದೆ ತಳ್ಳುತ್ತದೆ, ಅದು ಒತ್ತುತಟ್ಟೆಯ ಬೆರಳುಗಳನ್ನು ಅದುಮುತ್ತದೆ, ಬೆರಳುಗಳು ಸನ್ನೆಯಂತೆ ತಟ್ಟೆಯನ್ನು ಹಿಂದಕ್ಕೆ ಎಳೆಯುತ್ತವೆ, ಪ್ಲೇಟು ಬಿಡುಗಡೆಯಾಗುತ್ತದೆ.

ನಮ್ಮ ಒಂದಂಗುಲ ಹುಟ್ಟುವುದು ಇಲ್ಲಿ. ಬೆರಳುಗಳು ಎಂಜಿನಿನೊಡನೆ ಮಿನಿಟಿಗೆ ಸಾವಿರಗಟ್ಟಲೆ ಸುತ್ತು ತಿರುಗುತ್ತಿರುತ್ತವೆ. ಆ ಕಾಲದ ಎಷ್ಟೋ ಇಂಗ್ಲಿಷ್ ಕಾರುಗಳಲ್ಲಿ ಬೇರಿಂಗೆಂದರೆ ಗುಂಡುಗಳದಲ್ಲ, ಕಾರ್ಬನ್ನಿನ ಒಂದು ಉಂಗುರ ಅಷ್ಟೆ. ಅದು ಸದಾ ತಗುಲಿಕೊಂಡಿದ್ದರೆ ಸವೆದು ಹೋಗುತ್ತದೆ. ಆದ್ದರಿಂದ ಪೆಡಲಿನಿಂದ ಕಾಲು ತೆಗೆದಾಗ ಉಂಗುರಕ್ಕೂ ಬೆರಳಿಗೂ ನಡುವೆ ಕೂದಲೆಳೆಗಿಂತ ತುಸು ಹೆಚ್ಚಿನ ಎಡೆ ಇರಲೇಬೇಕು. ಉದಾಹರಣೆಗೆ ಅಂಗುಲದ ಹದಿನಾರರಲ್ಲಿ ಒಂದು ಭಾಗವೆನ್ನಿ. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ವೀಸ. ಪೆಡಲಿನಿಂದ ಬೇರಿಂಗಿನವರೆಗಿನ ಸನ್ನೆಗಳು ಕಾಲಿನ ಬಲವನ್ನು ಹನ್ನೆರಡು ಪಟ್ಟು ಮಾಡುತ್ತಿದ್ದರೆ ಚಲನೆಯನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. ಒಳಗಿನ ಒಂದು ವೀಸ ಕಾಲಡಿಯಲ್ಲಿ ಮುಕ್ಕಾಲು ಅಂಗುಲವಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ಎಡೆಯನ್ನು ಕಾಲಿನಿಂದ ಅಳೆಯುವ ಉಪಾಯವಿದು.

ಇನ್ನೊಂದು ಮಾತು. ಪ್ಲೇಟಿನ ಲೈನಿಂಗು ಸವೆದಂತೆ ಒತ್ತುತಟ್ಟೆ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಬೆರಳುಗಳ ಒಳತುದಿ ಬೇರಿಂಗಿನ ಕಡೆಗೆ ಏಳುತ್ತದೆ. ಸವೆದರೆ ಸಡಿಲು ಹೆಚ್ಚುತ್ತದೆಯೆಂಬುದು ಲೋಕಾನುಭವ. ಇಲ್ಲಿ ಸವೆದಷ್ಟೂ ಸಡಿಲು ಕಡಿಮೆಯಾಗುತ್ತದೆ. ಎಡೆ ಪೂರ್ತಿ ಮುಗಿದ ಮೇಲೆ ಬೇರಿಂಗು ಬೆರಳುಗಳ ಮೇಲೆ ಕೂತು, ಸ್ಪ್ರಿಂಗಿನ ಬಲವನ್ನು ತಾನೇ ಹೊರುತ್ತದೆ, ಕ್ಲಚ್ಚು ಜಾರುತ್ತದೆ. ಟಾಪ್ ಗೇರಿನಲ್ಲಿ ದಿಣ್ಣೆ ಹತ್ತುವಾಗ ಎಂಜಿನಿನ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಇದೇ ಲಕ್ಷಣ.

ಮೊದಮೊದಲು ಎಂಜಿನನ್ನೂ ಪೆಡಲನ್ನೂ ಒಂದೇ ಛಾಸಿಗೆ ಬಿಗಿಯಾಗಿ ಕಟ್ಟಿರುತ್ತಿದ್ದರು. ಅವೆರಡರ ನಡುವೆ ಕಬ್ಬಿಣದ ಸಲಾಕೆ ಹಾಕಿದರೆ ಸಾಕಾಗುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಿಂದ ಎಂಜಿನನ್ನು ರಬ್ಬರಿನ ಮೇಲೆ ಕೂರಿಸಿತು. ನಡುಕ ಕಡಿಮೆಯಾಯಿತು, ಜನ ಮೆಚ್ಚಿದರು, ಫ್ರಾನ್ಸಿನ ಸಿತ್ರೊಯೆನ್ ಪರವಾನಿಗೆ ಪಡೆದು ಅಳವಡಿಸಿಕೊಂಡಿತು. ಆದರೆ ಆ ದಿನದಿಂದ ಕ್ಲಚ್ಚಿನ ಸಲಾಕೆಯ ಒಂದು ತುದಿ ನೆಲೆಯಾದ ಛಾಸಿಯಲ್ಲಿ, ಇನ್ನೊಂದು ತುದಿ ಅಲುಗಾಡುವ ಎಂಜಿನಿನಲ್ಲಿ. ಕ್ಲಚ್ಚು ಹಿಡಿಯುತ್ತಲೇ ಎಂಜಿನು ರಬ್ಬರಿನ ಮೇಲೆ ವಾಲುತ್ತದೆ. ವಾಲಿದರೆ ಸಲಾಕೆ ಎಳೆದಂತಾಗಿ ಕ್ಲಚ್ಚು ಬಿಡುತ್ತದೆ. ಬಿಟ್ಟರೆ ಎಂಜಿನು ಮರಳುತ್ತದೆ, ಮತ್ತೆ ಹಿಡಿಯುತ್ತದೆ. ಹಳೆಯ ಕಾರು ಹೊರಡುವಾಗ ಮಲೇರಿಯಾ ಚಳಿ ಹಿಡಿದಂತೆ ನಡುಗುವುದಕ್ಕೆ ಎಷ್ಟೋ ವೇಳೆ ಕಾರಣ ಪ್ಲೇಟಲ್ಲ, ಎಣ್ಣೆ ಕುಡಿದು ಮೆತ್ತಗಾದ ಎಂಜಿನಿನ ರಬ್ಬರು.

ಈ ತೊಡಕುಗಳೆಲ್ಲವನ್ನೂ ಒಂದೇ ಕಡೆ ನೋಡಬೇಕೆನ್ನುವವರಿಗೆ ಮಾರಿಸ್ ಮೈನರ್ ಕಾರಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರ ಲಂಡನ್ ಪ್ರದರ್ಶನದಲ್ಲಿ ಹೊರಬಂದು, 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರೆನಿಸಿತು. 1950ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನೇ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರಿತು. ಇದರ ಪೆಡಲು ನೆಲಹಾಸಿನ ಕೆಳಗೆ ತಿರುಗುತ್ತದೆ. ಅದರ ಸನ್ನೆಯಿಂದ ಒಂದು ಸಲಾಕೆ ಅಡ್ಡದಂಡಕ್ಕೆ. ಅಡ್ಡದಂಡದ ಇನ್ನೊಂದು ತೋಳಿನಿಂದ ಮತ್ತೊಂದು ಸಲಾಕೆ ಫೋರ್ಕಿಗೆ. ಆ ಸಲಾಕೆಯ ತುದಿಯಲ್ಲಿ ಮರೆ ಕೊರೆದು ಒಂದು ನಟ್ಟು, ಅದಕ್ಕೆ ಲಾಕ್ ನಟ್ಟು. ಒಳಗೆ ಕಾರ್ಬನ್ ಉಂಗುರ. ಪೆಡಲಿನ ಪ್ಲೇ ಹೊಂದಿಸಬೇಕಾದದ್ದು ಆ ನಟ್ಟಿನಲ್ಲಿ.

ತೊಂದರೆ ಬರುವುದು ನಟ್ಟಿನಿಂದಲ್ಲ. ಸಲಾಕೆಯ ಪ್ರತಿಯೊಂದು ಕೂಡುಗೆಯಲ್ಲೂ ಒಂದು ಪಿನ್ನು, ಪಿನ್ನಿಗೊಂದು ತೂತು. ನೆಲದ ಕೆಳಗಿರುವುದರಿಂದ ಕೆಸರು, ಮರಳು, ನೀರು ಎಲ್ಲವೂ ಅಲ್ಲಿಗೇ. ಗ್ರೀಸು ಕಾಣದೆ ಅರವತ್ತು ವರ್ಷ ಕಳೆದ ಪಿನ್ನು ಸೊಂಟ ಸಣ್ಣಗಾಗಿರುತ್ತದೆ, ದುಂಡು ತೂತು ಮೊಟ್ಟೆಯಾಕಾರವಾಗಿರುತ್ತದೆ. ಅಡ್ಡದಂಡದ ಬುಷ್‌ಗಳು ಹೆಸರಿಗೆ ಮಾತ್ರ ಉಳಿದಿರುತ್ತವೆ. ಒಂದೊಂದರ ಸವೆತ ಉಗುರಿನ ದಪ್ಪದಷ್ಟೇ ಇರಬಹುದು. ಆದರೆ ಫೋರ್ಕಿನ ಹತ್ತಿರದ ಸವೆತ ಪೆಡಲಿಗೆ ಬರುವಷ್ಟರಲ್ಲಿ ಹಲವು ಪಟ್ಟು ಬೆಳೆದಿರುತ್ತದೆ. ಎಲ್ಲವೂ ಕೂಡಿದರೆ ಪೆಡಲಿನ ಓಟದಲ್ಲಿ ಅಂಗುಲಗಳೇ ಹೋಗುತ್ತವೆ.

ಹೀಗೆ ಒಂದೇ ಪೆಡಲಿನಲ್ಲಿ ಎರಡು ಸವೆತಗಳು ಎದುರುಬದುರಾಗಿ ಕೆಲಸ ಮಾಡುತ್ತವೆ. ಪಿನ್ನಿನ ಸವೆತ ಸಡಿಲನ್ನು ಹೆಚ್ಚಿಸುತ್ತದೆ, ಪ್ಲೇಟಿನ ಸವೆತ ಕಡಿಮೆ ಮಾಡುತ್ತದೆ. ಸ್ಕೇಲಿಟ್ಟು ಅಳೆದರೆ ಪುಸ್ತಕ ಹೇಳಿದಷ್ಟೇ ಪ್ಲೇ ಇರುತ್ತದೆ. ಆದರೆ ಅದು ಪೂರ್ತಿಯಾಗಿ ಪಿನ್ನುಗಳ ಸಡಿಲು, ಒಳಗೆ ಉಂಗುರಕ್ಕೂ ಬೆರಳಿಗೂ ನಡುವೆ ಎಡೆಯೇ ಇಲ್ಲ. ಒಬ್ಬರ ಸಾಲ ಇನ್ನೊಬ್ಬರ ಖಾತೆಯಲ್ಲಿ ಜಮೆಯಾದಂತೆ. ಲೆಕ್ಕ ಸರಿ, ಗಲ್ಲಾ ಬರಿದು.

ಇದರ ಪರಿಣಾಮ ಹೀಗೆ. ಕಾರಿನ ಗೇರು ಹಾಕುವಾಗ ಕರಕರ ಎನ್ನುತ್ತದೆ. ಪೆಡಲು ನೆಲ ಮುಟ್ಟಿದರೂ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ, ಏಕೆಂದರೆ ಓಟದ ಅರ್ಧ ಪಿನ್ನುಗಳ ಪಾಲಾಗಿದೆ. ಮಾಲೀಕ ಕೆಳಗೆ ತೂರಿ ಕೈಗೆ ಸಿಕ್ಕುವ ನಟ್ಟನ್ನು ನಾಲ್ಕು ಸುತ್ತು ಬಿಗಿಯುತ್ತಾನೆ. ಗೇರು ಸುಮ್ಮನೆ ಬೀಳುತ್ತದೆ, ಸಂತೋಷವಾಗುತ್ತದೆ. ಆದರೆ ಬಿಗಿದದ್ದು ಪಿನ್ನಿನ ಸಡಿಲನ್ನಲ್ಲ, ಉಂಗುರಕ್ಕೆ ಇದ್ದ ಎಡೆಯನ್ನು. ಇನ್ನು ಕಾರ್ಬನ್ ಹಗಲಿರುಳು ಉಜ್ಜುತ್ತದೆ. ಉಂಗುರ ಸವೆದು ಅದರ ಲೋಹದ ಬಟ್ಟಲು ಬೆರಳುಗಳನ್ನು ಕೆರೆಯತೊಡಗುತ್ತದೆ, ಹೊಸ ಪ್ಲೇಟು ಜಾರಿ ಸುಡುತ್ತದೆ. ಅದನ್ನು ತಲುಪಲು ಗೇರುಪೆಟ್ಟಿಗೆಯನ್ನೊ ಎಂಜಿನನ್ನೊ ಮತ್ತೆ ಇಳಿಸಬೇಕು. ಕೆಲವೇ ರೂಪಾಯಿಯ ಪಿನ್ನಿಗೆ ತೋರಿಸದ ಕನಿಕರಕ್ಕೆ ಇಷ್ಟು ದಂಡ.

ಹಾಗಾದರೆ ಪರೀಕ್ಷೆ ಹೇಗೆ? ಪೆಡಲನ್ನು ಬಿಟ್ಟು ಕಾರಿನ ಕೆಳಗೆ ಹೋಗಬೇಕು. ಫೋರ್ಕಿನ ಹೊರತುದಿಯನ್ನೇ ಬೆರಳಿನಿಂದ ತಳ್ಳಿ ನೋಡಬೇಕು. ಅಲ್ಲಿ ಅಲುಗಾಟವಿದ್ದರೆ ಅದು ನಿಜವಾದ ಎಡೆ. ಅಲ್ಲಿಲ್ಲದೆ ಪೆಡಲಿನಲ್ಲಿ ಮಾತ್ರ ಇದ್ದರೆ ಅದು ಸುಳ್ಳು. ಆಮೇಲೆ ಒಬ್ಬರು ಮೇಲೆ ಕುಳಿತು ಪೆಡಲನ್ನು ಮೆಲ್ಲಗೆ ಒತ್ತುತ್ತಿರಲಿ, ಇನ್ನೊಬ್ಬರು ಕೆಳಗೆ ದೀಪ ಹಿಡಿದು ಒಂದೊಂದು ಕೂಡುಗೆಯನ್ನೂ ನೋಡಲಿ. ಒಂದು ತೋಳು ಅಲುಗಿದ ಎಷ್ಟು ಹೊತ್ತಿಗೆ ಮುಂದಿನದು ಅಲುಗುತ್ತದೆ? ಕಾಯುವ ಹೊತ್ತೇ ಸವೆತ. ಮೊಟ್ಟೆಯಾದ ತೂತನ್ನು ಬೆಸುಗೆಯಿಂದ ತುಂಬಿ ಮತ್ತೆ ಕೊರೆಯಬಹುದು, ಇಲ್ಲವೆ ಹಿಗ್ಗಿಸಿ ಬುಷ್ ಕೂರಿಸಬಹುದು. ನನಗೆ ಎರಡನೆಯದೇ ಮೇಲು. ಮುಂದೆ ಸವೆದಾಗ ಬುಷ್ ಬದಲಿಸಿದರೆ ತೀರಿತು. ಪಿನ್ನಿನ ಬದಲು ಅಂಗಡಿಯ ಬೋಲ್ಟು ತೂರಿಸುವ ಜಾಣರಿದ್ದಾರೆ. ಬೋಲ್ಟಿನ ಮರೆ ಅರದ ಹಾಗೆ ತೂತನ್ನು ತಿನ್ನುತ್ತದೆ.

ಲಿಂಕೇಜಿಗೆ ಸಂಬಂಧವೇ ಇಲ್ಲದ ಒಂದು ರೋಗವೂ ಇದೇ ವೇಷದಲ್ಲಿ ಬರುತ್ತದೆ. ನಾಲ್ಕಾರು ಮಳೆಗಾಲ ಶೆಡ್ಡಿನಲ್ಲಿ ನಿಂತ ಕಾರಿನ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೇ ಅಂಟಿಕೊಂಡಿರುತ್ತದೆ. ಬೆರಳುಗಳು ತಟ್ಟೆಯನ್ನು ಸರಿಯಾಗಿ ಎಳೆದರೂ ಪ್ಲೇಟು ಬಿಡುವುದಿಲ್ಲ. ನಟ್ಟು ತಿರುಗಿಸುವ ಮೊದಲು ಫೋರ್ಕಿನ ಓಟ ಸರಿಯಿದೆಯೆ ಎಂದು ನೋಡಿದರೆ ಇದು ಬಯಲಾಗುತ್ತದೆ.

ರಬ್ಬರಿನ ಮೇಲೆ ಕೂತ ಎಂಜಿನಿಗೆ ಸಲಾಕೆ ಒಪ್ಪುವುದಿಲ್ಲವೆಂದು ತಯಾರಕರಿಗೂ ತಿಳಿಯಿತು. 1896ರಲ್ಲಿ ಅರ್ನೆಸ್ಟ್ ಬೌಡೆನ್ ಪೇಟೆಂಟು ಪಡೆದಿದ್ದ ಕೊಳವೆಯೊಳಗಿನ ತಂತಿ ಒಂದು ಉತ್ತರವಾಯಿತು. ಬೈಸಿಕಲ್ಲಿನ ಕೇಬಲ್ ಬ್ರೇಕಿನಲ್ಲಿ ನಾವೆಲ್ಲ ಕಂಡದ್ದು ಅದೇ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಪೆಡಲು ಮುಂದೆ, ಎಂಜಿನು ಹಿಂದೆ, ತಂತಿಯಲ್ಲದೆ ಗತಿಯಿಲ್ಲ. ಅಲ್ಲಿ ಪ್ಲೇ 10ರಿಂದ 20 ಮಿಲಿಮೀಟರು, ಹೊಂದಿಸುವುದು ರೆಕ್ಕೆಯ ನಟ್ಟಿನಿಂದ. ಅದರಲ್ಲೂ ಒಂದು ಸ್ವಾರಸ್ಯವಿದೆ. ತಂತಿಯ ಕೊನೆಯ ಕೊಳವೆಯನ್ನು ನೆಟ್ಟಗೆ ಕಟ್ಟಬಾರದು. ನಡುವೆ ಅಂಗುಲಕ್ಕೂ ಮಿಕ್ಕು ಜೋತುಬಿದ್ದಿರಬೇಕು. ಆ ಬಾಗಿನಿಂದ ತಂತಿಗೆ ತುಸು ತಿಕ್ಕಾಟ ಬಂದು ಕ್ಲಚ್ಚು ನಡುಗದೆ ಹಿಡಿಯುತ್ತದೆ. ಅಂದವಾಗಿರಲೆಂದು ಅದನ್ನು ಎಳೆದು ಕಟ್ಟಿ ನಡುಕ ತಂದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಇನ್ನೊಂದು ಉತ್ತರ ಎಣ್ಣೆಯ ಕೊಳವೆ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ಬ್ರೇಕಿಗೆ ಬಂದ ಹೈಡ್ರಾಲಿಕ್ ವಿಧಾನ ಎರಡನೆಯ ಮಹಾಯುದ್ಧದ ನಂತರ ಕ್ಲಚ್ಚಿಗೂ ಹರಡಿತು. ಎಂಜಿನು ಹೇಗೆ ವಾಲಿದರೂ ರಬ್ಬರು ನಳಿಕೆಗೆ ಚಿಂತೆಯಿಲ್ಲ. ಲೈನಿಂಗು ಸವೆದಷ್ಟೂ ಸಿಲಿಂಡರು ತಾನೇ ಹೊಂದಿಕೊಳ್ಳುವಂತೆಯೂ ಮಾಡಬಹುದು. ಕಾರ್ಬನ್ ಹೋಗಿ, ಸದಾ ತಗುಲಿದ್ದರೂ ಬಾಳುವ ಗುಂಡಿನ ಬೇರಿಂಗು ಬಂತು. ಪೆಡಲಿನಿಂದ ಅಳೆಯಬೇಕಾದ ಎಡೆಯೇ ಎಷ್ಟೋ ಕಾರುಗಳಲ್ಲಿ ಇಲ್ಲವಾಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಇನ್ನೂ ತಂತಿಯಿತ್ತು, ಹೊಂದಿಸುವ ನಟ್ಟೂ ಇತ್ತು. 2014ರಲ್ಲಿ ಅದೇ ಕಂಪನಿ ಸೆಲೆರಿಯೊ ಕಾರಿನಲ್ಲಿ ಕ್ಲಚ್ಚನ್ನು ಉಳಿಸಿ ಪೆಡಲನ್ನು ತೆಗೆದುಹಾಕಿತು. ಎಡಗಾಲಿನ ಕೆಲಸವನ್ನು ವಿದ್ಯುತ್ತಿನ ಅಪ್ಪಣೆಯಂತೆ ನಡೆಯುವ ಯಂತ್ರ ವಹಿಸಿಕೊಂಡಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ನಿಂತದ್ದೂ ಆ ವರ್ಷವೇ, ಮೇ ತಿಂಗಳಲ್ಲಿ.

ಹಾಗಾಗಿ ಈಚೆಗೆ ಕಸಬಿಗೆ ಬಂದ ಹುಡುಗರಿಗೆ ಪ್ಲೇ ಎಂಬ ಮಾತು ಗೊತ್ತಿದ್ದರೂ ಫೋರ್ಕಿನ ತುದಿಗೆ ಬೆರಳಿಟ್ಟು ನೋಡುವ ಅಭ್ಯಾಸವಿಲ್ಲದಿರಬಹುದು. ಹಳೆಯ ಮೈನರನ್ನು ಅವರ ಕೈಗೆ ಕೊಡುವ ಮಾಲೀಕರು ಮೊದಲೇ ಇದನ್ನು ಹೇಳಿಬಿಡುವುದು ಒಳ್ಳೆಯದು. ಹೊಸ ಪ್ಲೇಟು, ಹೊಸ ಪಿನ್ನು, ಹೊಸ ಬುಷ್ ಹಾಕಿದ ಮೇಲೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಲೈನಿಂಗು ಮೈ ಹೊಂದಿಕೊಳ್ಳುವ ಮೊದಲ ಕೆಲವು ನೂರು ಮೈಲಿಗಳಲ್ಲಿ ಎಡೆ ಬೇಗ ಕಡಿಮೆಯಾಗುತ್ತದೆ. ಆಗ ಇನ್ನೊಮ್ಮೆ ಕೆಳಗೆ ತೂರಿ, ಫೋರ್ಕಿನಲ್ಲೇ ಅಳೆದು, ನಟ್ಟನ್ನು ಬೇಕಾದಷ್ಟು ಸಡಿಲಿಸಿ, ಲಾಕ್ ನಟ್ಟನ್ನು ಬಿಗಿಯಬೇಕು. ಪಿನ್ನುಗಳಿಗೆ ಗ್ರೀಸು ಹಚ್ಚಬೇಕು.